ಯಾದಗಿರಿ ಕೋಟೆ ಗುಡ್ಡ: ರೋಹಿಣಿ ಮಳಿ ಟೈಮಿನ್ಯಾಗ ಹತ್ತಬಹುದೇನ್ರಿ?

ತೊಗರಿ_ಕಣಜ:
ಬರೋ ಐತಾರ ಗೆಳೆಯನ ಜೋಡಿ ಕಲಬುರಗಿಯಿಂದ ಬೈಕ್ ಮ್ಯಾಲ ಯಾದಗಿರಿ ಕೋಟೆ ಗುಡ್ಡಕ್ಕ ಹೊಂಟೀವ್ರಿ. ನಾಷ್ಟಾ ಮಾಡ್ಕೊಂಡು ಬಿಟ್ಟು, ಹತ್ತರ ಸುಮಾರು ಬುಡ ಮುಟ್ಟಿ, ಮ್ಯಾಲ ರೊಟ್ಟಿ ಬುತ್ತಿ ಉಂಡು, ಬಿಸಲು ಇಳಿದ ಮ್ಯಾಲ ಸಂಜಿಗೆ ಕೆಳಗ ಬರೋದಂತ ಲೆಕ್ಕ. ಆದ್ರ ಈ ವಾರ ಮುಂಜಾನಿ ಆಕಾಶ ಸ್ವಚ್ಛ ಇದ್ರೂ ಸಂಜಿಗೆ ಗಾಳಿ, ಗುಡುಗು, ದಪ್ಪ ಹನಿ. ಮ್ಯಾಲಿದ್ದಾಗ ಮಳಿ ಬಂದ್ರ ಬಂಡೆ ಸಂದಿನ್ಯಾಗ ಕುಂತ್ರ ನಡೀತದೇನು? ಏನೇನು ಒಯ್ಯಬೇಕು?

ಬಂಡೆಗಲ್ಲು:
ನಿಮ್ಮ ಲೆಕ್ಕ ತಲೆಕೆಳಗಾಗ್ಯದ. ಸಂಜಿಗೆ ಇಳಿಯೋದಲ್ಲ, ಒಂಬತ್ತೂವರಿಗೆ ಇಳಿದು ಮುಗಿಸೋದು. ಆರಕ್ಕ ಬುಡದಾಗ ಇರ್ರಿ. ಆಗದಿದ್ರ ಶನಿವಾರ ರಾತ್ರಿನೇ ಬಂದು ಊರಾಗ ಮಲಗ್ರಿ.

ಕಾರಣ ಇಷ್ಟೇ: ಮೇ ಕೊನೀಗೆ ನೆಲ ದಿನವಿಡೀ ಕಾಯ್ತದ, ಬಿಸಿ ಗಾಳಿ ಮ್ಯಾಲೇಳ್ತದ, ಮೋಡ ಕಟ್ಟೋದು ಮಧ್ಯಾಹ್ನದ ಮ್ಯಾಲ. ಹೂಕೋಸಿನಂಗ ಬಿಳಿ ಮೋಡ ನೆಟ್ಟಗ ಬೆಳಿಲಿಕ್ಕತ್ತಿ, ಅದರ ಬುಡ ಕಪ್ಪಾಯ್ತಂದ್ರ ತಡ ಮಾಡಬ್ಯಾಡ್ರಿ. ಉರಿ ಸೆಕಿ ನಡುವೆ ಫಕ್ಕನೆ ತಂಪು ಗಾಳಿ, ಧೂಳು ಬಂದ್ರ ಮಳಿ ಹತ್ತಿರ ಬಂತು ಅಂತ ಅರ್ಥ. ಮೋಡದಾಗಿಂದ ಮಳಿ ಜೋಡಿ ಕೆಳಗ ಬಿದ್ದ ತಂಪು ಗಾಳಿ ನೆಲದ ಮ್ಯಾಲ ಮುಂದ ಓಡಿ ಬಂದಿರ್ತದ.

ಮಿಂಚು ಕಂಡಕೂಡ್ಲೇ ಎಣಿಸ್ರಿ. ಶಬ್ದ ಒಂದು ಕಿ.ಮೀ. ಬರಲಿಕ್ಕ ಸುಮಾರು 3 ಸೆಕೆಂಡು. 30 ಎಣಿಸೋದ್ರಾಗ ಗುಡುಗು ಕೇಳಿದ್ರ ಸಿಡಿಲು 10 ಕಿ.ಮೀ. ಒಳಗ ಅದ, ಇಳೀರಿ. ಹನಿ ಬೀಳಲಿ ಅಂತ ಕಾಯೋದೇ ದೊಡ್ಡ ತಪ್ಪು, ಮಳಿ ಇಲ್ಲದ ಜಾಗಕ್ಕೂ ಸಿಡಿಲು ಬೀಳ್ತದ. ಕೊನೆ ಗುಡುಗಿನಿಂದ 30 ನಿಮಿಷ ಆಗೋತನಕ ಮತ್ತ ಹತ್ತಬ್ಯಾಡ್ರಿ.

ಬಂಡೆ ಸಂದಿ ಬಗ್ಗೆ ಕೇಳಿದ್ರಲ್ಲ, ಬ್ಯಾಡ್ರಿ. ಸಿಡಿಲು ಮ್ಯಾಲ ಬಿದ್ರ ಕರೆಂಟು ಒದ್ದೆ ಬಂಡೆ ಮೈಮ್ಯಾಲೇ ಕೆಳಗ ಹರೀತದ. ಸಣ್ಣ ಗವಿಯ ಬಾಯಿಗೆ ಬಂದಾಗ ಚಾವಣಿಯಿಂದ ನೆಲಕ್ಕ ಜಿಗೀತದ, ನಡುವೆ ನೀವು ಕುಂತಿರ್ತೀರಿ. ಬುರುಜು, ಕಬ್ಬಿಣದ ತೋಪು, ಒಂಟಿ ಗಿಡ ಇವೂ ಬ್ಯಾಡ. ಸಿಕ್ಕೊಂಡ್ರ ತುದಿ ಬಿಟ್ಟು ತಗ್ಗಿಗೆ ಬರ್ರಿ, ಇಬ್ಬರ ನಡುವೆ 15 ಮೀಟರ್ ಇರಲಿ, ಕೂಗಿದ್ರ ಕೇಳೋವಷ್ಟು. ಒಬ್ಬರಿಗೆ ಬಿದ್ರೂ ಇನ್ನೊಬ್ಬರು ನೋಡಲಿಕ್ಕ ಇರಬೇಕು.

ಫೋನಿನ್ಯಾಗ ದಾಮಿನಿ ಆ್ಯಪ್ ಹಾಕ್ಕೋರಿ, 20 ಮತ್ತು 40 ಕಿ.ಮೀ. ಸುತ್ತಿನ ಸಿಡಿಲು ತೋರಿಸ್ತದ. ಹವಾಮಾನ ಇಲಾಖೆಯ ಮೂರು ತಾಸಿನ ಮುನ್ಸೂಚನೆ ಬಿಡೋ ಮುಂಚೆ ಒಮ್ಮೆ ನೋಡ್ರಿ. ಹಿಂದಿನ ದಿನದ್ದು ನಂಬಿ ಹೋಗೋ ಕಾಲ ಅಲ್ಲ ಇದು.

ಭೀಮಾ_ದಂಡಿ:
ಮೇಲಿನವರು ಸಿಡಿಲಿನ ಬಗ್ಗೆ ಹೇಳಿದ್ದು ಸರಿ. ಆದರೆ ಗುಡ್ಡದಲ್ಲಿ ಕೈಕಾಲು ಮುರಿಯುವುದು ಹೆಚ್ಚಾಗಿ ಇಳಿಯುವಾಗ, ಒದ್ದೆ ಕಲ್ಲಿನ ಮೇಲೆ.

ಗ್ರಾನೈಟ್ ಒಣಗಿದ್ದರೆ ಕಾಲು ಗಟ್ಟಿಯಾಗಿ ಹಿಡಿಯುತ್ತದೆ. ಬಂಡೆ ಮೇಲೆ ಮೇಲಿನಿಂದ ಕೆಳಕ್ಕೆ ಕಪ್ಪು ಪಟ್ಟಿಗಳಿರುತ್ತವಲ್ಲ, ಅದು ನೀರು ಹರಿದ ಜಾಡು, ಅಲ್ಲಿ ಪಾಚಿ ಬೆಳೆದಿರುತ್ತದೆ. ಬೇಸಿಗೆಯಲ್ಲಿ ಕರಕಲಿನಂತೆ ಒಣಗಿರುತ್ತದೆ, ನಾಲ್ಕು ಹನಿ ಬಿದ್ದರೆ ಸಾಬೂನು. ಬಿಳಿಚಿದ, ತರಿತರಿ ಕಲ್ಲಿನ ಮೇಲೆ ಮಾತ್ರ ಕಾಲಿಡಿ. ಪೂರ್ತಿ ಅಂಗಾಲು ಊರಿ, ಸಣ್ಣ ಹೆಜ್ಜೆ. ಹೆದರಿಕೆಗೆ ಮೈ ಹಿಂದಕ್ಕೆ ವಾಲಿಸುತ್ತೇವೆ, ಆಗ ಭಾರವೆಲ್ಲ ಹಿಮ್ಮಡಿಗೆ ಬಂದು ಕಾಲು ಮುಂದಕ್ಕೆ ಜಾರುತ್ತದೆ. ಕಡಿದಾದ ಕಡೆ ಬಂಡೆಗೆ ಮುಖ ಮಾಡಿ ಇಳಿಯಿರಿ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ಬೇಡ.

ನೀರು ತಲಾ 3 ಲೀಟರ್. ಓಆರ್‌ಎಸ್‌ನ ದೊಡ್ಡ ಪೊಟ್ಟಣ ಪೂರ್ತಿ 1 ಲೀಟರಿಗೆ. ಅರ್ಧ ಬಾಟಲಿಗೆ ಸುರಿದರೆ ಉಪ್ಪು ಜಾಸ್ತಿಯಾಗುತ್ತದೆ. ಜೀನ್ಸ್ ಬೇಡ, ನೆನೆದರೆ ಮೊಳಕಾಲಿಗೆ ಅಂಟಿ ಹೆಜ್ಜೆ ಏಳುವುದಿಲ್ಲ.

ಗಾಳಿಗೆ ಛತ್ರಿ ನಿಲ್ಲುವುದಿಲ್ಲ. ತೊಳೆದ ಗೊಬ್ಬರದ ಚೀಲ ತಗೊಂಡು ಕೆಳಗಿನ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತುರುಕಿ, ಕೊಪ್ಪಿ ಆಯಿತು. ತಲೆ, ಬೆನ್ನು, ಹೆಗಲಿನ ಚೀಲ ಮೂರಕ್ಕೂ ಸಾಕು, ಕೈ ಎರಡೂ ಖಾಲಿ. ಹೊಲದವರು ಮಳೆಗಾಲ ಪೂರ್ತಿ ಇದರಲ್ಲೇ ಕಳೆಯುತ್ತಾರೆ, ಸಾವಿರಾರು ರೂಪಾಯಿ ಜಾಕೆಟ್ ಯಾಕೆ?

ವಾಪಸ್ ಬರುವಾಗ ಡಾಂಬರು ರಸ್ತೆ ಬಿಡಬೇಡಿ. ಎರಿ ಮಣ್ಣಿನ ಅಡ್ಡದಾರಿಗೆ ಇಳಿದರೆ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಮಣ್ಣು ಮೆತ್ತಿ ಮುಂದಿನ ಗಾಲಿ ತಿರುಗುವುದೇ ಇಲ್ಲ. ಆಮೇಲೆ ಕಡ್ಡಿಯಿಂದ ಕೆರೆಯುತ್ತ ಕೂರಬೇಕು. ಸೇತುವೆ ಮೇಲೆ ಹಳ್ಳ ಹರಿಯುತ್ತಿದ್ದರೆ ಇಳಿಯುವವರೆಗೆ ಈಚೆ ದಡದಲ್ಲೇ ನಿಲ್ಲಿ.

ತೊಗರಿ_ಕಣಜ:
ಹಂಗಾದ್ರ ಶನಿವಾರ ರಾತ್ರಿನೇ ಹೊಂಟೀವಿ. ಬೈಕ್ ಮ್ಯಾಲಿದ್ದಾಗ ಸಿಡಿಲು ಬಂದ್ರ ಟೈರ್ ರಬ್ಬರ್ ಇರ್ತದ, ಏನಾಗಲ್ಲ ಅಂತಾನ ಗೆಳೆಯ. ಮತ್ತ ಸಿಡಿಲು ಬಡಿದವರನ್ನ ಮುಟ್ಟಬಾರದು, ನಮಗೂ ಹೊಡೀತದ ಅಂತಾರಲ್ಲ?

ಬಂಡೆಗಲ್ಲು:
ಎರಡೂ ಸುಳ್ಳು. ಆಕಾಶದಿಂದ ಇಷ್ಟು ದೂರ ಗಾಳಿ ಸೀಳಿ ಬಂದದ್ದಕ್ಕ ನಾಲ್ಕು ಬೆರಳಿನ ರಬ್ಬರ್ ಏನು ಲೆಕ್ಕ? ಕಾರಿನ್ಯಾಗ ಉಳಿಯೋದು ಸುತ್ತಲಿನ ಲೋಹದ ಮೈಯಿಂದ, ಬೈಕಿಗೆ ಅದಿಲ್ಲ. ಗಾಡಿ ನಿಲ್ಲಿಸಿ ಪಕ್ಕಾ ಮನಿಯೊಳಗ ಹೋಗ್ರಿ.

ಬಡಿದವರ ಮೈಯಾಗ ಕರೆಂಟು ಉಳಿಯಲ್ಲ, ಆ ಕ್ಷಣಕ್ಕೇ ಮುಟ್ಟಬಹುದು. ಉಸಿರು ನೋಡ್ರಿ. ಇಲ್ಲಂದ್ರ 108ಕ್ಕ ಫೋನ್ ಮಾಡಿ ಸ್ಪೀಕರ್ ಹಾಕಿ ಪಕ್ಕಕ್ಕಿಡ್ರಿ. ಎದೆ ನಡುವೆ ಎರಡೂ ಅಂಗೈ ಒಂದರ ಮ್ಯಾಲೊಂದು ಇಟ್ಟು, 5 ಸೆಂ.ಮೀ. ಆಳ, ನಿಮಿಷಕ್ಕ 100ರಿಂದ 120 ಸಲ ಒತ್ತ್ರಿ. ಬಾಯಿಂದ ಉಸಿರು ಕೊಡೋದು ಗೊತ್ತಿದ್ರ 30 ಒತ್ತಿಗೆ 2 ಸಲ ಕೊಡ್ರಿ. ಆಂಬುಲೆನ್ಸಿನವರು ಗುಡ್ಡ ಹತ್ತಿ ಬರೋತನಕ ನಿಲ್ಲಿಸಬ್ಯಾಡ್ರಿ.