ವರದಿ, ನುಡಿಚಿತ್ರ, ಸಂಪಾದಕೀಯ: ಮಕ್ಕಳಿಗೆ ವ್ಯತ್ಯಾಸ ತಿಳಿಸುವುದು ಹೇಗೆ?

ಪ್ರಶ್ನೆ: ಏಳನೆಯ ತರಗತಿಯ ಮಕ್ಕಳಿಗೆ ಪತ್ರಿಕಾ ಬರವಣಿಗೆ ಕಲಿಸುತ್ತಿದ್ದೇನೆ. ಏನು ಬರೆಯಲು ಹೇಳಿದರೂ ಸುದ್ದಿಯೊಳಗೆ ತಮ್ಮ ಅಭಿಪ್ರಾಯವನ್ನು ಬೆರೆಸಿಬಿಡುತ್ತಾರೆ. ಪ್ರಕಾರಗಳನ್ನು ಹೇಗೆ ಬಿಡಿಸಿ ತೋರಿಸಲಿ?

ಉತ್ತರ 1: ಒಂದೇ ಘಟನೆಯನ್ನು ಕೊಟ್ಟು ನೋಡಿ, ಮೇಡಂ. ‘ಸೋಮವಾರದ ಗಾಳಿಗೆ ಶಾಲೆಯ ಅಂಗಳದ ಮರ ಉರುಳಿತು, ಯಾರಿಗೂ ಗಾಯವಾಗಿಲ್ಲ’ ಎಂಬುದು ವರದಿ. ಅದರಲ್ಲಿ ಮುಖ್ಯ ಸಂಗತಿ ಮೊದಲ ವಾಕ್ಯದಲ್ಲೇ ಬಂದು, ಕಡಿಮೆ ಮಹತ್ವದ ವಿವರಗಳು ಕೆಳಗಿಳಿಯುವುದರಿಂದ, ಜಾಗ ಸಾಲದಾಗ ಸಂಪಾದಕರು ಕೊನೆಯಿಂದ ಕತ್ತರಿಸಬಹುದು. ಆ ಮರದ ನೆರಳಿನಲ್ಲಿ ಆಡಿದವರ ನೆನಪಿನಿಂದ ಆರಂಭಿಸಿದರೆ ನುಡಿಚಿತ್ರ. ಹೊಸ ಸಸಿ ನೆಡಲೇಬೇಕೆಂದು ಪತ್ರಿಕೆಯ ನಿಲುವಾಗಿ ವಾದಿಸಿದರೆ ಸಂಪಾದಕೀಯ.

ಉತ್ತರ 2: ಸಂದರ್ಶನವನ್ನೂ ಸೇರಿಸಿ. ‘ಹೌದು’, ‘ಇಲ್ಲ’ ಎಂದು ಮುಗಿಯುವ ಪ್ರಶ್ನೆಗಳನ್ನು ಮಕ್ಕಳಿಂದಲೇ ಹೊಡೆದುಹಾಕಿಸಿ. (ದೊಡ್ಡವರಿಗೂ ಇದು ಸುಲಭವಲ್ಲ.)

ಪ್ರಶ್ನೆ ಕೇಳಿದವರು: ‘ದುರದೃಷ್ಟವಶಾತ್ ಮರ ಬಿತ್ತು’ ಎಂದು ಬರೆದರೆ?

ಉತ್ತರ 1: ವರದಿಯಲ್ಲಾದರೆ ಮೊದಲ ಪದವನ್ನು ತೆಗೆಸಿ.