ಪದಚರ್ಚೆ: ತೋಟಾದ ಹಿತ್ತಾಳೆ ಕುಪ್ಪಿ ಮತ್ತು ಅದನ್ನು ಆರಿಸಲು ಬೇಕಾದ ಮಾತುಗಳು

ಒಮ್ಮೆ ಹಾರಿಸಿದ ರೈಫಲ್ ತೋಟಾದ ಹಿತ್ತಾಳೆಯ ಭಾಗವನ್ನು ಎತ್ತಿಟ್ಟುಕೊಂಡು, ಅದಕ್ಕೆ ಹೊಸ ಕೇಪು, ಮದ್ದು, ಗುಂಡುಗಳನ್ನು ಕೂಡಿಸಿ ಮತ್ತೆ ಬಳಸುವ ಗುರಿಕಾರರಿಗಾಗಿ ಒಂದು ಕನ್ನಡ ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಅದರ ಮೊದಲ ಅಧ್ಯಾಯವೇ ಹಿತ್ತಾಳೆಯ ಆಯ್ಕೆಗೆ ಸಂಬಂಧಿಸಿದ್ದು. ಯಾವುದನ್ನು ಕೊಳ್ಳಬೇಕು, ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಗುಜರಿಗೆ ಹಾಕಬೇಕು ಎಂದು ಹೇಳಲು ಹೊರಟಾಗ, ಆ ವಸ್ತುವಿಗೇ ಕನ್ನಡದಲ್ಲಿ ಒಂದು ನಿಶ್ಚಿತ ಹೆಸರು ಬಳಕೆಯಲ್ಲಿಲ್ಲ ಎಂಬ ತೊಡಕು ಎದುರಾಯಿತು. ಆದುದರಿಂದ ನನಗೆ ಒಪ್ಪಿಗೆಯಾದ ಪದಗಳನ್ನೂ, ಒಪ್ಪದ ಪದಗಳನ್ನೂ ಕಾರಣಸಹಿತ ಬಲ್ಲವರ ಮುಂದಿಡುತ್ತಿದ್ದೇನೆ.

ತೋಟಾ ಎಂಬುದು ನಾಲ್ಕು ವಸ್ತುಗಳು ಕೂಡಿ ಆದದ್ದು. ಅವುಗಳಲ್ಲಿ ಮೂರಕ್ಕೆ ನಮ್ಮಲ್ಲಿ ಒಳ್ಳೆಯ ಹೆಸರುಗಳಿವೆ: ಉರಿಯುವುದು ಮದ್ದು, ಹಾರಿಹೋಗುವುದು ಗುಂಡು, ಕಿಡಿ ಹೊತ್ತಿಸುವುದು ಕೇಪು. ಕೇಪಿನ ಕೋವಿಯ ಕಾಲದಿಂದ ಉಳಿದು ಬಂದ ಈ ಮೂರನೆಯ ಮಾತು ಇಂದಿನ ಪ್ರೈಮರ್‌ಗೂ ಧಾರಾಳವಾಗಿ ಸಲ್ಲುತ್ತದೆ. ಈ ಮೂರನ್ನೂ ಹೊತ್ತು ನಿಲ್ಲುವ, ಹಾರಿಸಿದ ಮೇಲೂ ಕೈಯಲ್ಲಿ ಉಳಿಯುವ ನಾಲ್ಕನೆಯದಕ್ಕೆ ಮಾತ್ರ ಖಾಲಿ ತೋಟಾ, ಖಾಲಿ ಕಾಡತೂಸು, ಕೇಸ್ ಎಂದು ತೋಚಿದಂತೆ ಹೇಳುವ ವಾಡಿಕೆಯಿದೆ. ಸುದ್ದಿಬರಹಗಳಲ್ಲಿ ಇಡೀ ತೋಟಾವನ್ನೇ ಗುಂಡು ಎಂದು ಕರೆದು, ಬಳಕೆಯಾಗದ ತೋಟಾವನ್ನು 'ಸಜೀವ ಗುಂಡು' ಎನ್ನುವುದೂ ಇದೆ. ಪತ್ರಿಕೆಯ ಓದುಗನಿಗೆ ಇದರಿಂದ ಏನೂ ಕೆಡುವುದಿಲ್ಲ. ಆದರೆ ಮದ್ದು ತುಂಬುವವನಿಗೆ 'ಗುಂಡಿನ ತೂಕ' ಎಂದಾಗ ಅದು ಹಾರಿಹೋಗುವ ಸೀಸದ ಚೂರಿನ ತೂಕವೋ ಇಡೀ ತೋಟಾದ ತೂಕವೋ ಎಂಬುದು ಸಂದೇಹಕ್ಕೆ ಎಡೆಯಿಲ್ಲದಂತೆ ತಿಳಿಯಬೇಕು, ಏಕೆಂದರೆ ಮದ್ದಿನ ಪ್ರಮಾಣ ನಿರ್ಧಾರವಾಗುವುದೇ ಗುಂಡಿನ ತೂಕವನ್ನು ನೋಡಿ.

ನಾಲ್ಕನೆಯದಕ್ಕೆ ಕೋಶ ಎನ್ನಬಹುದೆಂದು ಮೊದಲು ಯಾರಿಗಾದರೂ ಅನ್ನಿಸುತ್ತದೆ. ಆದರೆ ಕೋಶಕ್ಕೆ ಜೀವಕೋಶ, ನಿಘಂಟು, ಬೊಕ್ಕಸ ಎಂದು ಹೊರೆಯಷ್ಟು ಅರ್ಥಗಳು ಈಗಾಗಲೇ ಇವೆ, ಮತ್ತು ಅದರಲ್ಲಿ ಆಕಾರದ ಸೂಚನೆಯೇ ಇಲ್ಲ. ಕವಚ ಎಂಬುದನ್ನು ನಾನು ಖಡಾಖಂಡಿತವಾಗಿ ಬೇಡವೆನ್ನುತ್ತೇನೆ. ಸೀಸದ ಗುಂಡಿನ ಮೇಲೆ ಹೊದಿಸುವ ತಾಮ್ರದ ತೆಳುಪದರಕ್ಕೆ ಆ ಹೆಸರು ಬೇಕಾಗುತ್ತದೆ, ಎರಡಕ್ಕೂ ಒಂದೇ ಹೆಸರಿಟ್ಟರೆ ಗೊಂದಲವನ್ನು ನಾವೇ ಕರೆದಂತಾಗುತ್ತದೆ. ಚಿಪ್ಪು ಎಂಬುದು ಕಿವಿಗೆ ಹಿತವಾಗಿದ್ದರೂ ಒಡೆದು ಎಸೆಯುವ ವಸ್ತುವಿನ ಭಾವನೆಯನ್ನು ತರುತ್ತದೆ. ಇಲ್ಲಿ ಹೇಳಬೇಕಾದದ್ದು ಎಸೆಯದೆ ಉಳಿಸಿಕೊಳ್ಳುವ ವಸ್ತುವನ್ನು. ಇಂಗ್ಲಿಷ್ ಬಳಸುವ ಗುರಿಕಾರರು ಲೋಹದ ಹೆಸರಿನಿಂದಲೇ ಇದನ್ನು ಬ್ರಾಸ್ ಎಂದು ಕರೆಯುವುದನ್ನು ಅನುಸರಿಸಿ 'ಹಿತ್ತಾಳೆ' ಎಂದಷ್ಟೇ ಬರೆದರೆ, ಓದುಗನ ಕಣ್ಣಮುಂದೆ ಬರುವುದು ಪಾತ್ರೆಗಳ ಸಾಲು.

ನನ್ನ ಒಲವು ಇರುವುದು ಕುಪ್ಪಿಯ ಕಡೆಗೆ. ರೈಫಲ್ ತೋಟಾದ ಈ ಭಾಗವು ನೋಡಲು ಕುಪ್ಪಿಯಂತೆಯೇ ಇದೆ: ಮೇಲೆ ಬಾಯಿ, ಅದರ ಕೆಳಗೆ ಕತ್ತು, ಇಳಿಜಾರಾದ ಹೆಗಲು, ನಂತರ ಮೈ, ಕೊನೆಗೆ ಬುಡ. ಹೀಗೆ ಒಂದು ಹೆಸರನ್ನು ಒಪ್ಪಿದ ಕೂಡಲೇ ಅದರ ಅಂಗಗಳ ಹೆಸರುಗಳೂ ತಾವಾಗಿಯೇ ದೊರೆಯುತ್ತವೆ. ಹೆಗಲಿಲ್ಲದ ನೇರ ಮೈಯ ತೋಟಾಗಳಿಗೆ ಈ ಹೆಸರು ಅಷ್ಟಾಗಿ ಹೊಂದದು ಎಂಬ ಆಕ್ಷೇಪ ಸರಿಯೇ. ಆದರೆ ಅವು ಹೆಚ್ಚಾಗಿ ಪಿಸ್ತೂಲಿಗೆ ಸೇರಿದವು, ಮತ್ತು ಕೈಪಿಡಿ ರೈಫಲ್ಲಿಗೆ ಸೀಮಿತವಾಗಿದೆ.

ಅಂಗಗಳ ಹೆಸರಿನಲ್ಲಿ ಒಂದು ಕಡೆ ಮಾತ್ರ ಇಂಗ್ಲಿಷಿನ ಜಾಡನ್ನು ಬಿಡಲೇಬೇಕು. ಆ ಭಾಷೆಯಲ್ಲಿ ಕತ್ತು, ಹೆಗಲುಗಳು ಮೇಲ್ತುದಿಯಲ್ಲಿದ್ದರೂ 'ಹೆಡ್' ಎಂಬುದು ಕೆಳತುದಿಯಲ್ಲಿದೆ. ನಾವು ಅದನ್ನು ತಲೆ ಎಂದು ಬರೆದರೆ ಓದುಗನು ಗುಂಡು ಕೂರುವ ತುದಿಯನ್ನೇ ನೋಡುತ್ತಾನೆ, ಮತ್ತು ಪರೀಕ್ಷಿಸಬೇಕಾದ ಜಾಗ ಅವನ ಕಣ್ಣಿನಿಂದ ತಪ್ಪಿಹೋಗುತ್ತದೆ. ಆದ್ದರಿಂದ ಅದು ಬುಡವೇ ಆಗಬೇಕು. ಅಲ್ಲಿ ಒತ್ತಿರುವ ತಯಾರಕರ ಗುರುತು ಬುಡಮುದ್ರೆ, ಕೇಪು ಕೂರುವ ತಗ್ಗು ಕೇಪಿನ ಗುಳಿ. ಗುಳಿಗೂ ಮದ್ದಿನ ಜಾಗಕ್ಕೂ ನಡುವಿನ ದಪ್ಪ ಲೋಹಕ್ಕೆ ಇಂಗ್ಲಿಷಿನಲ್ಲಿ ವೆಬ್ ಎಂಬ ಹೆಸರಿರುವುದರಿಂದ ಯಾರಾದರೂ 'ಜಾಲ' ಎಂದು ಬರೆದಾರೆಂಬ ಭಯ ನನಗಿದೆ. ಅದಕ್ಕೆ ಒಳತಳ ಎಂಬುದು ಸಾಕು.

ಬುಡದ ಅಂಚಿನ ವಿಷಯದಲ್ಲಿ ಇಂಗ್ಲಿಷಿನ ಪದವೇ ವಸ್ತುವಿಗೆ ಸುಳ್ಳಾಗಿದೆ. .303 ಬ್ರಿಟಿಷ್ ತೋಟಾದ ಬುಡದಂಚು ಮೈಗಿಂತ ಹೊರಕ್ಕೆ ಚಾಚಿರುತ್ತದೆ; .30-06 ಸ್ಪ್ರಿಂಗ್‌ಫೀಲ್ಡ್, .308 ವಿಂಚೆಸ್ಟರ್ ಮುಂತಾದವುಗಳಲ್ಲಿ ಅಂಚು ಮೈಯ ಸುತ್ತಳತೆಗೆ ಸುಮಾರಾಗಿ ಸಮನಾಗಿದ್ದು, ಅದರ ಮುಂದೆ ಸುತ್ತಲೂ ಒಂದು ತೋಡನ್ನು ಕೊರೆದಿರುತ್ತಾರೆ. ಈ ಎರಡನೆಯ ಬಗೆಗೆ ರಿಮ್‌ಲೆಸ್ ಎಂದು ಹೆಸರು. ಆದರೆ ಅಂಚು ಅಲ್ಲಿಯೂ ಇದೆ, ಇಲ್ಲದಿದ್ದರೆ ಖಾಲಿ ಕುಪ್ಪಿಯನ್ನು ಹೊರಗೆಳೆಯುವ ಕೊಕ್ಕೆಗೆ ಹಿಡಿತವೇ ಸಿಗುತ್ತಿರಲಿಲ್ಲ. 'ಅಂಚಿಲ್ಲದ' ಎಂದು ಪದಕ್ಕೆ ಪದ ಇಡುವುದಕ್ಕಿಂತ, ಮೊದಲನೆಯದನ್ನು ಚಾಚಂಚಿನ ಕುಪ್ಪಿ, ಎರಡನೆಯದನ್ನು ಸಮನಂಚಿನ ಕುಪ್ಪಿ ಎನ್ನುವುದು ವಸ್ತುಸ್ಥಿತಿಗೆ ಹತ್ತಿರ.

ಕೇಪಿನ ಕಿಡಿ ಮದ್ದಿಗೆ ಹಾಯುವ ರಂಧ್ರವನ್ನು ಕಿಡಿಗಂಡಿ ಎನ್ನೋಣವೆಂದಿದ್ದೇನೆ. ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದೇ ಇದನ್ನು. ಬಾಕ್ಸರ್ ಪದ್ಧತಿಯ ಕುಪ್ಪಿಯಲ್ಲಿ ನಟ್ಟನಡುವೆ ಒಂದೇ ಗಂಡಿ ಇರುತ್ತದೆ, ಕೇಪು ಬಡಿದು ಸಿಡಿಯಲು ಬೇಕಾದ ಅಡಿಗಲ್ಲಿನಂಥ ಭಾಗ ಕೇಪಿನೊಳಗೇ ಇರುತ್ತದೆ. ಹಾಗಾಗಿ ಬಾಯಿಯ ಕಡೆಯಿಂದ ಒಂದು ಸಣ್ಣ ಕಡ್ಡಿಯನ್ನು ಇಳಿಸಿ ಹಳೆಯ ಕೇಪನ್ನು ಹೊರಗೆ ತಳ್ಳಬಹುದು. ಬರ್ಡನ್ ಪದ್ಧತಿಯಲ್ಲಿ ಆ ಭಾಗವು ಕುಪ್ಪಿಯ ಗುಳಿಯಲ್ಲೇ ಎದ್ದು ನಿಂತಿದ್ದು, ಅದರ ಅಕ್ಕಪಕ್ಕದಲ್ಲಿ ಸಾಮಾನ್ಯವಾಗಿ ಎರಡು ಗಂಡಿಗಳಿರುತ್ತವೆ, ಕಡ್ಡಿಯಿಂದ ತಳ್ಳುವ ಉಪಾಯ ಅಲ್ಲಿ ನಡೆಯದು. ಎಡ್ವರ್ಡ್ ಬಾಕ್ಸರ್ ಬ್ರಿಟಿಷ್ ಸೇನಾಧಿಕಾರಿ, ಹಿರಾಮ್ ಬರ್ಡನ್ ಅಮೆರಿಕದವನು. ಆದರೂ ಅಮೆರಿಕದಲ್ಲಿ ಬಾಕ್ಸರ್ ಪದ್ಧತಿ ನೆಲೆನಿಂತು, ಯುರೋಪಿನ ಸೇನೆಗಳಲ್ಲಿ ಬರ್ಡನ್ ಪದ್ಧತಿ ಹರಡಿದ್ದು ಈ ಹೆಸರುಗಳ ಒಂದು ತಮಾಷೆ. ಹೆಸರುಗಳು ಓದುಗನಿಗೆ ಏನನ್ನೂ ತೋರಿಸುವುದಿಲ್ಲ; 'ಬಾಕ್ಸರ್' ಎಂದಾಗ ಮುಷ್ಟಿಯುದ್ಧ ನೆನಪಾದರೆ ಅವನ ತಪ್ಪೂ ಅಲ್ಲ. ಒಂಟಿಗಂಡಿ, ಜೋಡಿಗಂಡಿ ಎಂದರೆ ಬಾಯಿಯೊಳಕ್ಕೆ ಬೆಳಕು ಹಾಯಿಸಿ ನೋಡಿದವನಿಗೆ ಒಡನೆ ಗೊತ್ತಾಗುತ್ತದೆ. ಮೂಲದ ಹೆಸರುಗಳನ್ನು ಮೊದಲ ಸಲ ಮಾತ್ರ ಜೊತೆಗೆ ಕೊಟ್ಟರೆ ಸಾಕೆಂದು ನನ್ನ ಅಭಿಪ್ರಾಯ.

ಹಾರಿಸಿದ ಲೆಕ್ಕವನ್ನು ಹೇಳಲು ಈಡು ಎಂಬ ಹಳೆಯ ಮಾತು ಬಹಳ ಅನುಕೂಲಕರವಾಗಿದೆ. ಒಂದೀಡಿನ ಕುಪ್ಪಿ ಎಂದರೆ ಒಮ್ಮೆ ಹಾರಿಸಿದ್ದು, ಐದೀಡಿನದು ಎಂದರೆ ಐದು ಸಲ ಹಾರಿಸಿದ್ದು. ಆದರೆ ಮಾರುವವರು 'ಒಮ್ಮೆ ಹಾರಿಸಿದ್ದು' ಎಂದಾಗ ಯಾವ ಕೋವಿಯಲ್ಲಿ ಹಾರಿಸಿದ್ದು ಎಂಬ ಅಂಶ ಅಡಗಿಹೋಗುತ್ತದೆ. ಈಡಾದಾಗ ಹಿತ್ತಾಳೆ ಹಿಗ್ಗಿ, ಕೋವಿಯೊಳಗೆ ತೋಟಾ ಕೂರುವ ಗೂಡಿನ ಗೋಡೆಗೆ ಒತ್ತಿಕೊಂಡು ಅನಿಲ ಹಿಂದಕ್ಕೆ ಸೋರದಂತೆ ತಡೆಯುತ್ತದೆ, ಮರುಕ್ಷಣವೇ ತುಸು ಕುಗ್ಗಿ ಸಡಿಲವಾಗುತ್ತದೆ. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಬೆರೆತ ಹಿತ್ತಾಳೆಯನ್ನು ಈ ಕೆಲಸಕ್ಕೆ ಬಳಸುವುದಕ್ಕೆ ಈ ಹಿಗ್ಗಿ ಕುಗ್ಗುವ ಗುಣವೂ ಒಂದು ಕಾರಣ. ಹೀಗೆ ಹಿಗ್ಗಿದ ಕುಪ್ಪಿಯು ತಾನು ಕೂತಿದ್ದ ಗೂಡಿನ ಆಕಾರವನ್ನೇ ಹೊತ್ತು ಬರುತ್ತದೆ. ಅದೇ ರೈಫಲ್ಲಿಗೆ ಮತ್ತೆ ಬಳಸುವುದಾದರೆ ಕತ್ತನ್ನಷ್ಟೇ ಒತ್ತಿ ಮೊದಲಿನ ಅಳತೆಗೆ ತಂದರೂ ನಡೆದೀತು. ಬೇರೆಯವರ ರೈಫಲ್ಲಿನಿಂದ ಬಂದದ್ದಾದರೆ ಮೈಯನ್ನೂ ಹೆಗಲನ್ನೂ ಪೂರ್ತಿಯಾಗಿ ಅಳತೆಗೆ ತರಲೇಬೇಕು. ಆದ್ದರಿಂದ ಸ್ವಂತ ಈಡಿನ ಕುಪ್ಪಿ, ಪರ ಈಡಿನ ಕುಪ್ಪಿ ಎಂಬ ಭೇದವನ್ನು ಪದದಲ್ಲೇ ಉಳಿಸಿಕೊಳ್ಳುವುದು ಒಳ್ಳೆಯದು.

ಸೇನೆಯ ಕುಪ್ಪಿಗಳ ಬಗ್ಗೆ ಹೇಳುವಾಗಲೂ ಎರಡು ಮಾತುಗಳು ಬೇಕಾಗುತ್ತವೆ. ಅವುಗಳಲ್ಲಿ ಕೇಪು ಅಲುಗದಂತೆ ಗುಳಿಯ ಅಂಚನ್ನು ಒಳಕ್ಕೆ ಅದುಮಿರುವುದು ಸಾಮಾನ್ಯ. ಆ ಅದುಮನ್ನು ಕೆರೆದು ತೆಗೆಯದೆ ಹೊಸ ಕೇಪನ್ನು ಕೂರಿಸಲಾಗದು. 7.62×51 ನೇಟೋ ಎಂಬ ಸೇನಾ ತೋಟಾದ ಕುಪ್ಪಿಯ ಗೋಡೆ, ಹೊರನೋಟಕ್ಕೆ ಅದರಂತೆಯೇ ಇರುವ .308ರ ಮಾರುಕಟ್ಟೆಯ ಕುಪ್ಪಿಗಿಂತ ಹಲವೊಮ್ಮೆ ದಪ್ಪವಾಗಿರುವುದರಿಂದ ಒಳಜಾಗ ಕಡಿಮೆಯಾಗಿ, ಅಷ್ಟೇ ಮದ್ದು ಹೆಚ್ಚಿನ ಒತ್ತಡವನ್ನು ಹುಟ್ಟಿಸುತ್ತದೆ. ಒಂದೇ ಬುಡಮುದ್ರೆಯ ಕುಪ್ಪಿಗಳನ್ನು ಒಂದೆಡೆ ವಿಂಗಡಿಸಿಡಬೇಕೆಂಬ ಸಲಹೆಯ ಹಿಂದಿರುವುದು ಈ ಒಳಜಾಗದ ವ್ಯತ್ಯಾಸವೇ. ಒಳಜಾಗವನ್ನು ಅದು ಹಿಡಿಯುವ ನೀರಿನ ತೂಕದಿಂದ, ಗ್ರೇನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಗ್ರಾಮಿಗೆ ಸುಮಾರು 15.4 ಗ್ರೇನ್. ಕನ್ನಡ ಲಿಪಿಯಲ್ಲಿ ಗ್ರೇನ್, ಗ್ರಾಂ ಎರಡೂ ನೋಟಕ್ಕೆ ಅಕ್ಕಪಕ್ಕದವು, 'ಗ್ರೇ.', 'ಗ್ರಾ.' ಎಂದು ಮೊಟಕುಗೊಳಿಸಿದರೆ ಇನ್ನೂ ಹತ್ತಿರವಾಗುತ್ತವೆ. ಮದ್ದಿನ ವಿಷಯದಲ್ಲಿ ಅಂಥ ಮೊಟಕು ಯಾವ ಕಾರಣಕ್ಕೂ ಬೇಡ.

ಇನ್ನು ಕುಪ್ಪಿಯನ್ನು ತಿರಸ್ಕರಿಸುವ ಲಕ್ಷಣಗಳು. ಇಲ್ಲಿ ಕನ್ನಡ ಶ್ರೀಮಂತವಾಗಿದೆ, ಆದರೆ ನಿಘಂಟುಗಳು ಎಲ್ಲಕ್ಕೂ ಬಿರುಕು ಎಂದುಬಿಡುತ್ತವೆ. ಮತ್ತೆ ಮತ್ತೆ ಹಿಗ್ಗಿ, ಅಳತೆಗೆ ಬಂದು ಕತ್ತಿನ ಲೋಹ ಪೆಡಸಾದಾಗ ಬಾಯಿಯಿಂದ ಉದ್ದಕ್ಕೆ ಬಿಡುವುದು ಸೀಳು. ಅದನ್ನು ಕಂಡ ಕೂಡಲೇ ಕುಪ್ಪಿಯನ್ನು ಬಿಸಾಡಿದರೆ ಸಾಮಾನ್ಯವಾಗಿ ಹೆಚ್ಚಿನ ಕೇಡಿಲ್ಲ. ಬುಡದಿಂದ ತುಸು ಮೇಲೆ, ಮೈಯನ್ನು ಸುತ್ತುವರಿದು ಬರುವುದು ಬೇರೆಯೇ ಜಾತಿಯದು. ಅಲ್ಲಿ ಗೋಡೆ ಒಳಗಿನಿಂದ ಹಿಗ್ಗಿ ತೆಳುವಾಗುತ್ತದೆ, ಹೊರಗೆ ಹೊಳೆಯುವ ಒಂದು ಗೆರೆ ಮಾತ್ರ ಕಾಣುತ್ತದೆ, ತುದಿ ಬಾಗಿಸಿದ ತೆಳು ತಂತಿಯನ್ನು ಒಳಗೆ ಇಳಿಸಿ ಗೋಡೆಯ ಮೇಲೆ ಎಳೆದರೆ ಆ ಜಾಗದಲ್ಲಿ ಅದು ತಗ್ಗಿಗೆ ಸಿಕ್ಕಿಕೊಳ್ಳುತ್ತದೆ. ಮುಂದಿನ ಈಡಿನಲ್ಲಿ ಬುಡವೇ ಕಳಚಿ ಬಿಸಿ ಅನಿಲವು ಹಾರಿಸುವವನ ಮುಖದ ಕಡೆಗೆ ನುಗ್ಗಬಹುದು. ಇದಕ್ಕೆ ಉಂಗುರಬಿರುಕು ಎಂದು, ಪರಿಣಾಮಕ್ಕೆ ಬುಡಕಳಚು ಎಂದು ಬರೆದಿದ್ದೇನೆ. ಸೀಳನ್ನೂ ಇದನ್ನೂ ಒಂದೇ ಪದದಲ್ಲಿ ಹೇಳುವುದನ್ನು ನಾನು ಒಪ್ಪಲಾರೆ.

ಪೆಡಸಾದ ಕತ್ತನ್ನು ಕಾಯಿಸಿ ಮೆದುವಾಗಿಸುವ ಕ್ರಿಯೆಗೆ 'ಹದಗೊಳಿಸು' ಎಂದು ಕೆಲವು ಪಟ್ಟಿಗಳಲ್ಲಿದೆ. ಉಕ್ಕಿಗೆ ಗಡಸು ಕೊಡುವುದಕ್ಕೂ ಅದೇ ಕ್ರಿಯಾಪದ ಬಳಕೆಯಾಗುವುದರಿಂದ ದಿಕ್ಕು ತಪ್ಪುವ ಸಂಭವವಿದೆ. ಮೆದುಗಾಸು ಎಂದು ಜೋಡಿಸಿದರೆ ಅರ್ಥ ನಿಶ್ಚಿತವಾಗುತ್ತದೆ. ಬಿಸಿ ತಾಗಬೇಕಾದದ್ದು ಕತ್ತಿಗೂ ಹೆಗಲಿಗೂ ಮಾತ್ರ. ಒತ್ತಡವನ್ನು ಹೊರುವ ಬುಡ ಗಡುಸಾಗಿಯೇ ಉಳಿಯಬೇಕು. ಹೊಸ ಕುಪ್ಪಿಗಳ ಕತ್ತಿನ ಬಳಿ ಕೆಲವೊಮ್ಮೆ ಕಾಣುವ ನೀಲಿಗಂದು ಛಾಯೆ ಈ ಮೆದುಗಾಸಿನ ಗುರುತೇ ಹೊರತು ಕೊಳೆಯಲ್ಲ. ಅದನ್ನು ನೋಡಿ ಹಿಂದಿರುಗಿಸಬೇಕಾಗಿಲ್ಲ.

ಸೀಸನ್ ಕ್ರ್ಯಾಕಿಂಗ್ ಎಂಬ ಲೋಹಶಾಸ್ತ್ರದ ಪದಕ್ಕೆ ಋತುಬಿರುಕು ಎಂದು ಯಾರಾದರೂ ಇಟ್ಟಿದ್ದರೆ ಅದರ ಹಿನ್ನೆಲೆಯನ್ನು ನೆನಪಿಡಬೇಕು. ಬ್ರಿಟಿಷರ ಸೇನೆ ಭಾರತದಲ್ಲಿ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆಲಾಯಗಳಲ್ಲಿ ಇರಿಸುತ್ತಿತ್ತು. ಮಳೆ ಕಳೆದ ಮೇಲೆ ತೆಗೆದು ನೋಡಿದರೆ ಹಾರಿಸದ ಕುಪ್ಪಿಗಳೇ ಬಿರಿದಿರುತ್ತಿದ್ದವು. ಕುದುರೆಗಳ ಮೂತ್ರದಿಂದ ಹೊಮ್ಮುವ ಅಮೋನಿಯಾ, ತಯಾರಿಕೆಯಲ್ಲಿ ಲೋಹದೊಳಗೆ ಉಳಿದ ಬಿಗಿತದೊಡನೆ ಕೂಡಿ ಹೀಗೆ ಮಾಡುತ್ತದೆಂಬುದು 1921ರ ಹೊತ್ತಿಗೆ ಸ್ಪಷ್ಟವಾಯಿತು. ಅಂದರೆ ಆ ಸೀಸನ್ ನಮ್ಮ ಮಳೆಗಾಲವೇ. ಇತಿಹಾಸ ಬರೆಯುವವರು ಮಳೆಗಾಲದ ಬಿರುಕು ಎನ್ನಲಿ. ಕೈಪಿಡಿಯಲ್ಲಿ ಮಾತ್ರ ನಾನು ಅಮೋನಿಯಾ ಬಿರುಕು ಎಂದೇ ಬರೆಯುತ್ತೇನೆ, ಏಕೆಂದರೆ ಅಮೋನಿಯಾ ಬೆರೆತ ಲೋಹದ ಪಾಲಿಷಿನಿಂದ ಕುಪ್ಪಿಗಳನ್ನು ಉಜ್ಜಬಾರದೆಂಬ ಎಚ್ಚರಿಕೆ ಹೆಸರಿನಲ್ಲೇ ಇರುತ್ತದೆ.

ಉಳಿದ ಪ್ರಶ್ನೆಗಳು ಎರಡು. ಕುಪ್ಪಿಯನ್ನು ಒತ್ತಿ ಅಳತೆಗೆ ತರುವ ಗಟ್ಟಿ ಉಕ್ಕಿನ ಡೈಗೆ ಅಚ್ಚು ಎನ್ನಬಹುದಾಗಿತ್ತು, ಆದರೆ ಸೀಸ ಕರಗಿಸಿ ಗುಂಡು ಎರೆಯುವ ಸಾಧನಕ್ಕೂ ಅದೇ ಹೆಸರಿದೆ. ಒತ್ತಚ್ಚು, ಎರಕದಚ್ಚು ಎಂದು ಬೇರ್ಪಡಿಸಿದರೆ ಲೋಹದ ಕೆಲಸ ಬಲ್ಲವರು ಒಪ್ಪುವರೇ? ಎರಡನೆಯದು, ಈಡಿನಿಂದ ಈಡಿಗೆ ಉದ್ದವಾದ ಕತ್ತನ್ನು ಸವರಿ ಗಿಡ್ಡಗೊಳಿಸಿದ ಮೇಲೆ ಬಾಯಿಯ ಒಳಹೊರಗಿನ ಚೂಪು ಅಂಚನ್ನು ಓರೆಯಾಗಿ ಕೆರೆದು ನಯಗೊಳಿಸುವ ಕೆಲಸಕ್ಕೆ ಲೇತ್ ಮತ್ತು ಫಿಟ್ಟಿಂಗ್ ಕೆಲಸಗಾರರಲ್ಲಿ ಕನ್ನಡದ ಕ್ರಿಯಾಪದವೊಂದು ಬಳಕೆಯಲ್ಲಿದ್ದರೆ, ಅದನ್ನು ಅವರ ಉಚ್ಚಾರದಲ್ಲೇ ತಿಳಿಸಬೇಕೆಂದು ವಿನಂತಿ.