ಅಪ್‌ಡೇಟ್: ಫೇರ್‌ಫ್ಯಾಕ್ಸ್‌ನಲ್ಲಿ ಮಿಡ್ಲ್ ಸ್ಕೂಲ್ ಹುಡುಕಾಟ

ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಮಗಳಿಗೆ ಯಾವ ಸರ್ಕಾರಿ ಮಿಡ್ಲ್ ಸ್ಕೂಲ್ ಒಳ್ಳೆಯದು, ಎಲ್ಲಿ ಮನೆ ಹಿಡಿಯಬೇಕು ಅಂತ ಹೋದ ವಾರ ಕೇಳಿದ್ದೆ. ಶಾಲೆಗಳಿಗೆ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುವ ಸೈಟುಗಳಿಂದ ಗೊಂದಲ ಜಾಸ್ತಿ ಆಯಿತು. ಕೆಲಸಕ್ಕೆ ಬಂದದ್ದು ನೀವು ಹೇಳಿದ 'ಸ್ಕೂಲ್ ಕ್ವಾಲಿಟಿ ಪ್ರೊಫೈಲ್ಸ್', ಅಂದರೆ ಪ್ರತಿ ಶಾಲೆಯ ಮಾಹಿತಿ ಕೊಡುವ ರಾಜ್ಯ ಸರ್ಕಾರದ ಸೈಟು. ಎಸ್‌ಒಎಲ್ (ರಾಜ್ಯವೇ ನಡೆಸುವ) ಪರೀಕ್ಷೆಯ ಫಲಿತಾಂಶ ಅಲ್ಲಿ ವಿಷಯವಾರು, ವಿದ್ಯಾರ್ಥಿಗಳ ಗುಂಪುವಾರು ಸಿಗುತ್ತದೆ. ಮಕ್ಕಳ ಗೈರುಹಾಜರಿಯೂ ಇದೆ.

ಆಶ್ಚರ್ಯ ಏನು ಗೊತ್ತಾ? ಇಲ್ಲಿ ಹೆಚ್ಚಿನ ಮಿಡ್ಲ್ ಸ್ಕೂಲ್‌ಗಳಲ್ಲಿ 7 ಮತ್ತು 8ನೇ ತರಗತಿ ಮಾತ್ರ! ಗ್ಲಾಸ್‌ಗೋ, ಹೋಮ್ಸ್, ಪೋ ಥರದ ಕೆಲವಲ್ಲಿ 6ರಿಂದ ಶುರು. ನಮ್ಮವಳು ಈಗ ಐದನೇ ಕ್ಲಾಸು, ಹಾಗಾಗಿ 7ರಿಂದ ಶುರುವಾಗುವ ಸ್ಕೂಲಿನ ಕಡೆ ಮನೆ ಹಿಡಿದರೆ ಇನ್ನೊಂದು ವರ್ಷ ಎಲಿಮೆಂಟರಿಯಲ್ಲೇ (ಪ್ರಾಥಮಿಕ ಶಾಲೆಯಲ್ಲೇ) ಇರುತ್ತಾಳೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಆ ವಿಳಾಸ ಯಾವ ಸ್ಕೂಲಿಗೆ ಸೇರುತ್ತದೆ ಅಂತ ಕೌಂಟಿಯ ಸೈಟಿನಲ್ಲಿ ಖಂಡಿತ ನೋಡಿ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.